ಹಳತಾದದ್ದು, ಹಾಳಾದದ್ದು

ಹಳತಾಗುವುದು ಬೇರೆ, ಹಾಳಾಗುವುದು ಬೇರೆ, ಅಪಾಯಕಾರಿ ಆಗುವುದು ಬೇರೆ. ಮೊದಲನೆಯದನ್ನು ಸಹಿಸಿಕೊಳ್ಳಬೇಕು, ಎರಡನೆಯದನ್ನು ಸರಿ ಮಾಡಿಸಬೇಕು, ಮೂರನೆಯದನ್ನು ಮನೆಯಿಂದ ಕಳಿಸಿಕೊಡಬೇಕು. ಅಡುಗೆಮನೆಯ ಮೈಕ್ರೋವೇವ್ ಓವನ್ ವಿಷಯದಲ್ಲಿ ನಾವು ಈ ಮೂರನ್ನೂ ಕಲಸಿಬಿಡುತ್ತೇವೆ.

*

ಮೈಕ್ರೋವೇವ್ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬಾಳುತ್ತದೆ. ಆ ಹತ್ತನ್ನು ಐದಕ್ಕೆ ಇಳಿಸುವುದೂ ಹದಿನೈದಕ್ಕೆ ಏರಿಸುವುದೂ ಬಹುಮಟ್ಟಿಗೆ ಬಳಸುವ ಕೈಗಳೇ.

*

1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್, ರೇಡಾರಿನ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ಜೇಬಿನ ಮಿಠಾಯಿ ಕರಗಿದ್ದನ್ನು ಗಮನಿಸಿದರು. ಯುದ್ಧದ ಕೆಲಸಕ್ಕಿದ್ದ ಆ ಮ್ಯಾಗ್ನೆಟ್ರಾನ್ ಇಂದು ನಿನ್ನೆಯ ಸಾರನ್ನು ಬಿಸಿ ಮಾಡಿಕೊಡುತ್ತಿದೆ. ದೊಡ್ಡ ಶಕ್ತಿ ಸಣ್ಣ ಕೆಲಸಕ್ಕೆ ಒಗ್ಗಿಕೊಂಡಿದೆ ಎಂದು ಅದರ ಮೇಲಿನ ಎಚ್ಚರ ಸಣ್ಣದಾಗಬಾರದು.

*

1947ರ ಮೊದಲ ಮೈಕ್ರೋವೇವ್ ಓವನ್ ರೇಡಾರೇಂಜ್ ಆಳೆತ್ತರ ಇತ್ತು, ಮುನ್ನೂರು ಕಿಲೋ ಮೀರಿ ತೂಗುತ್ತಿತ್ತು. 1967ರಲ್ಲಿ ಅದು ಕಟ್ಟೆಯ ಮೇಲೆ ಕೂರುವಷ್ಟಾಯಿತು. ವಸ್ತು ಹಗುರವಾದಷ್ಟೂ ಅದನ್ನು ಎಸೆಯುವ ಮನಸ್ಸೂ ಹಗುರವಾಯಿತು.

*

ಮ್ಯಾಗ್ನೆಟ್ರಾನ್ ಎಷ್ಟೋ ಸಲ ಸದ್ದಿಲ್ಲದೆ ಸೊರಗುತ್ತದೆ. ಒಂದು ನಿಮಿಷಕ್ಕೆ ಕಾಯುತ್ತಿದ್ದ ಹಾಲಿಗೆ ಒಂದೂವರೆ ನಿಮಿಷ ಬೇಕಾಗುತ್ತದೆ, ನಾವು ಬಟನ್ ಇನ್ನೊಮ್ಮೆ ಒತ್ತಿ ಸುಮ್ಮನಾಗುತ್ತೇವೆ. ಮೆಲ್ಲಗೆ ಬರುವ ಮುಪ್ಪು ದಿನಾ ನೋಡುವವರ ಕಣ್ಣಿಗೇ ಕಡೆಗೆ ಬೀಳುವುದು.

*

ಅನುಮಾನ ಬಂದರೆ ಅಳೆದು ನೋಡಿ. ಒಂದು ಲೀಟರ್ ತಣ್ಣೀರು, ಅಡುಗೆಯ ಥರ್ಮಾಮೀಟರ್, ಪೂರ್ತಿ ಪವರ್‌ನಲ್ಲಿ ಒಂದು ನಿಮಿಷ. ನೀರನ್ನು ಕಲಕಿ, ಏರಿದ ಡಿಗ್ರಿಯನ್ನು 70ರಿಂದ ಗುಣಿಸಿದರೆ ಓವನ್ ಕೊಡುತ್ತಿರುವ ವ್ಯಾಟ್ ಹೆಚ್ಚುಕಡಿಮೆ ಸಿಗುತ್ತದೆ. 800 ವ್ಯಾಟ್ ಎಂದು ಬರೆದ ಓವನ್‌ನಲ್ಲಿ 11 ಡಿಗ್ರಿ ಏರಿದರೆ ಚಿಂತೆಯಿಲ್ಲ. ಏಳೇ ಡಿಗ್ರಿ ಏರಿದರೆ ಶಕ್ತಿ ಕುಂದಿದೆ. ತೀರ್ಪಿಗೆ ಮೊದಲು ಅಳತೆ ಇರಲಿ.

*

ಹಾಗೆಂದು ಎಲ್ಲ ತಪ್ಪನ್ನೂ ಓವನ್‌ನ ತಲೆಗೆ ಕಟ್ಟಬೇಡಿ. ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಊರಿನಲ್ಲಿ ಹೊಸ ಓವನ್ನೂ ಮಂಕಾಗುತ್ತದೆ. ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಕೊಟ್ಟ ಮೇಲೆ ದೂರು ಹೇಳೋಣ.

*

ಖಾಲಿ ಓವನ್ ಓಡಿಸಬೇಡಿ. ಹೀರಿಕೊಳ್ಳುವ ಆಹಾರವಿಲ್ಲದಾಗ ಅಲೆಗಳು ಗೋಡೆಗೆ ಬಡಿದು ಮ್ಯಾಗ್ನೆಟ್ರಾನ್‌ಗೇ ಮರಳುತ್ತವೆ. ಯಾರಿಗೂ ಸಲ್ಲದ ಶಕ್ತಿ ತನ್ನನ್ನೇ ಸುಡುತ್ತದೆ.

*

ಒಳಗಿನ ಪಕ್ಕದ ಗೋಡೆಯಲ್ಲಿ ಅಂಗೈ ಅಗಲದ ತೆಳು ಹಾಳೆಯೊಂದಿರುತ್ತದೆ. ಅದು ಮೈಕಾ, ನಮ್ಮ ಅಭ್ರಕ. ಪ್ಯಾಕಿಂಗ್ ರಟ್ಟೆಂದುಕೊಂಡು ಕೆಲವರು ಅದನ್ನು ಕಿತ್ತೇ ಹಾಕುತ್ತಾರೆ. ಅದರ ಮೇಲೆ ಸಿಡಿದ ತುಪ್ಪ, ಸಾರಿನ ಹನಿ ಹಾಗೇ ಉಳಿದರೆ, ಕಲೆ ಕಾದು ಕಪ್ಪಾಗಿ, ಒಂದು ದಿನ ಚಟಪಟ ಕಿಡಿ ಹಾರುತ್ತದೆ. ಮನೆಮಂದಿ ಬೆಚ್ಚಿ ಹೊಸ ಓವನ್ ಮಾತೆತ್ತುತ್ತಾರೆ. ಸುಟ್ಟಿದ್ದು ಕತ್ತರಿಯಿಂದ ಅಳತೆಗೆ ಕತ್ತರಿಸಿ ಕೂರಿಸುವ ಅಗ್ಗದ ಹಾಳೆ ಮಾತ್ರ.

*

ಚೆಲ್ಲಿದಾಗಲೇ ಒರೆಸಿದರೆ ಒಂದು ಬಟ್ಟೆಯ ಕೆಲಸ. ವಾರ ಬಿಟ್ಟರೆ ಅರ್ಧ ಗಂಟೆಯ ಕೆಲಸ. ತಿಂಗಳುಗಟ್ಟಲೆ ಬಿಟ್ಟರೆ ಮೆಕ್ಯಾನಿಕ್‌ನ ಕೆಲಸ.

*

ಒಣಗಿದ ಜಿಡ್ಡಿಗೆ ಉಕ್ಕಿನ ನಾರು ಬೇಡ. ಬಟ್ಟಲಲ್ಲಿ ನೀರು, ನಿಂಬೆಹೋಳು, ಒಂದು ಮರದ ಚಮಚ ಇಟ್ಟು ಎರಡು ಮೂರು ನಿಮಿಷ ಕಾಯಿಸಿ, ಬಾಗಿಲು ತೆರೆಯದೆ ಐದು ನಿಮಿಷ ಬಿಡಿ. ಹಬೆ ನೆನೆಸಿಕೊಡುತ್ತದೆ. ತಿಕ್ಕಾಟ ಗೀರು ಬಿಡುವ ಕಡೆ ತಾಳ್ಮೆ ಹೊಳಪು ಕೊಡುತ್ತದೆ.

*

ಬಟನ್‌ಗಳ ಹಿಂದಿನ ಬೆಚ್ಚನೆಯ ಸರ್ಕ್ಯೂಟ್ ಬೋರ್ಡ್ ಜಿರಲೆಗೆ ಪ್ರಿಯವಾದ ಜಾಗ. ರಾತ್ರಿ ಒರೆಸದೆ ಮಲಗಿದ ಅಡುಗೆಕಟ್ಟೆಯ ಲೆಕ್ಕವನ್ನು ಎಂದೋ ಒಂದು ದಿನ ಆ ಬೋರ್ಡು ತೀರಿಸುತ್ತದೆ.

*

ಓವನ್ ಮೇಲೆ ಕಸೂತಿ ಬಟ್ಟೆ ಹೊದಿಸಿ, ಮೂರು ಕಡೆಯೂ ಗೋಡೆಗೆ ಒತ್ತಿ ಇಡುವ ಮನೆಗಳಿವೆ. ಗಾಳಿಯ ಕಿಂಡಿ ಮುಚ್ಚಿದರೆ ಒಳಗಿನ ಕಾವು ಹೋಗುವುದೆಲ್ಲಿಗೆ? ಅಕ್ಕರೆಯೂ ಉಸಿರಿಗೆ ಜಾಗ ಬಿಡಬೇಕು.

*

ಬಾಗಿಲಿನ ಜಾಲರಿಯ ತೂತು ಒಂದೆರಡು ಮಿಲಿಮೀಟರ್. ಒಳಗಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಹೀಗಾಗಿ ಬೆಳಕು ಹೊರಗೆ ಬರುತ್ತದೆ, ಅಲೆ ಒಳಗೇ ಉಳಿಯುತ್ತದೆ. ಓವನ್‌ನ ಮರ್ಯಾದೆಯೆಲ್ಲ ಆ ಬಾಗಿಲಲ್ಲಿದೆ.

*

ಬಾಗಿಲು ವಾಲಿದರೆ, ಕೀಲು ಸಡಿಲವಾದರೆ, ಜಾಲರಿ ಹರಿದರೆ, ಬಾಗಿಲು ತೆರೆದರೂ ಓವನ್ ಓಡುತ್ತಿದ್ದರೆ, ಆ ಕ್ಷಣವೇ ಪ್ಲಗ್ ಕೀಳಿ. ಟೇಪು, ರಬ್ಬರ್ ಬ್ಯಾಂಡು, ಮಡಿಸಿದ ಕಾಗದ ಇವೆಲ್ಲ ಬೇರೆ ಕಡೆ ಜಾಣತನ. ಇಲ್ಲಿ ಮಕ್ಕಳು ಬಂದು ನಿಲ್ಲುತ್ತಾರೆ.

*

ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಕವಚದ ಹೊರಗಿನ ಆರೈಕೆ ನಮ್ಮದು, ಒಳಗಿನದು ಬಲ್ಲವರದು. ಕೈ ಎಲ್ಲಿ ನಿಲ್ಲಬೇಕೆಂದು ತಿಳಿದಿರುವುದೂ ಒಂದು ಕೌಶಲ.

*

ಗಾಜಿನ ತಟ್ಟೆ, ಅದರಡಿಯ ಗಾಲಿ, ಬಲ್ಬು, ಫ್ಯೂಸು, ಬಾಗಿಲಿನ ಸ್ವಿಚ್ಚು: ಇಷ್ಟಕ್ಕೇ ಓವನ್ ಬದಲಿಸುವುದೆಂದರೆ ಗುಂಡಿ ಕಿತ್ತಿತೆಂದು ಅಂಗಿ ಎಸೆದಂತೆ. ಮ್ಯಾಗ್ನೆಟ್ರಾನೇ ಹೋಗಿ, ಓವನ್‌ಗೆ ಎಂಟು ಹತ್ತು ವರ್ಷ ತುಂಬಿ, ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆ ಮುಟ್ಟಿದರೆ ಬೀಳ್ಕೊಡುವುದೇ ಸರಿ. ಒಳಗೋಡೆ ತುಕ್ಕು ಹಿಡಿದು ತೂತಾಗಿದ್ದರೆ ಲೆಕ್ಕ ಹಾಕುವ ಅಗತ್ಯವೂ ಇಲ್ಲ.

*

ಕವಚ ಬಿಚ್ಚಿ ನೋಡಿ, "ಇದಕ್ಕೆ ದುಡ್ಡು ಹಾಕಬೇಡಿ ಅಮ್ಮಾ" ಎನ್ನುವ ಮೆಕ್ಯಾನಿಕ್ ಸಿಕ್ಕರೆ ಅವರ ನಂಬರ್ ಜೋಪಾನವಾಗಿಡಿ. ಮುಂದೊಂದು ದಿನ ಅವರೇ "ಇದು ಇನ್ನೂ ಓಡುತ್ತೆ" ಎಂದಾಗ ಧೈರ್ಯವಾಗಿ ನಂಬಬಹುದು.

*

ಕೆಟ್ಟ ಓವನ್ ಗುಜರಿಯ ಸುತ್ತಿಗೆಗೆ ಹೋಗದಿರಲಿ. ಕೆಲವು ಮ್ಯಾಗ್ನೆಟ್ರಾನ್‌ಗಳ ಸೆರಾಮಿಕ್‌ನಲ್ಲಿ ಬೆರಿಲಿಯಂ ಇರುತ್ತದೆ. ತಾಮ್ರದಾಸೆಗೆ ಒಡೆಯುವವನ ಶ್ವಾಸಕೋಶಕ್ಕೆ ಅದರ ಧೂಳು ವಿಷ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಮೈಕ್ರೋವೇವ್ ಕೂಡ ಇದೆ. ಅಧಿಕೃತ ಸಂಗ್ರಹ ಕೇಂದ್ರಕ್ಕೆ ಒಪ್ಪಿಸುವ ತನಕ ಅದರ ಹೊಣೆ ನಮ್ಮದೇ.

*

ಹೊಸದು ಕೊಳ್ಳುವಾಗ ಮೆನು ಎಷ್ಟಿದೆ ಎಂದು ಕೇಳುವ ಮೊದಲು, ಬಿಡಿಭಾಗ ಸಿಗುತ್ತದೆಯೇ, ಸರ್ವಿಸ್‌ನವರು ನಮ್ಮೂರಿಗೆ ಬರುತ್ತಾರೆಯೇ ಎಂದು ಕೇಳಿ. ರಿಪೇರಿಗೆ ಒದಗುವ ವಸ್ತುವನ್ನೇ ಮನೆಗೆ ತಂದವರಿಗೆ, ಅದನ್ನು ಬಿಟ್ಟುಕೊಡುವ ದಿನ ತಡವಾಗಿ ಬರುತ್ತದೆ.