ಪ್ರಾಣವೂ ಬಡ್ತಿಯೂ

ಕುರುಕ್ಷೇತ್ರದಲ್ಲಿ ಕೌರವರ ಕಡೆ ಹನ್ನೊಂದು ಅಕ್ಷೋಹಿಣಿ ಸೈನ್ಯವಿತ್ತು, ಪಾಂಡವರ ಕಡೆ ಏಳು. ಆದರೂ ಯುದ್ಧದ ಮೊದಲ ಹತ್ತು ದಿನ ಕೌರವರ ಬಹುದೊಡ್ಡ ಬಿಲ್ಲುಗಾರ ಕರ್ಣ ಬಿಡಾರದಲ್ಲಿ ಸುಮ್ಮನೆ ಕುಳಿತಿದ್ದ. ರಥಿಕರ ಎಣಿಕೆಯಲ್ಲಿ ಭೀಷ್ಮ ಅವನನ್ನು ಅರ್ಧರಥನೆಂದು ಹಂಗಿಸಿದ. ಈ ಮುದುಕ ಬೀಳುವವರೆಗೆ ತಾನು ಬಿಲ್ಲು ಹಿಡಿಯುವುದಿಲ್ಲವೆಂದು ಅವನು ಹಠ ತೊಟ್ಟ. ಇಬ್ಬರೂ ಹೇಡಿಗಳಲ್ಲ, ಇಬ್ಬರೂ ದ್ರೋಹಿಗಳಲ್ಲ. ದುರ್ಯೋಧನನ ಪರವಾಗಿ ಪ್ರಾಣ ಕೊಡಲು ಸಿದ್ಧರಿದ್ದರು, ಕೊಟ್ಟರು ಕೂಡ. ಒಬ್ಬರ ಕೈಕೆಳಗೆ ಇನ್ನೊಬ್ಬರು ನಿಂತು ಹೋರಾಡುವುದೊಂದು ಮಾತ್ರ ಅವರಿಂದ ಆಗಲಿಲ್ಲ. ಪ್ರಾಣವನ್ನೇ ಕೊಡಬಲ್ಲ ಮನುಷ್ಯ ತನ್ನ ಸ್ಥಾನವನ್ನು ಯಾಕೆ ಬಿಟ್ಟುಕೊಡಲಾರ? ನಮ್ಮ ಕಾಲದ ಸೇನೆಗಳ ಚರಿತ್ರೆಯನ್ನು ಓದುವಾಗಲೂ ಈ ಹಳೆಯ ಪ್ರಶ್ನೆ ನನಗೆ ಮತ್ತೆ ಮತ್ತೆ ಎದುರಾಗುತ್ತದೆ.

1980ರ ಏಪ್ರಿಲ್ 24ರ ರಾತ್ರಿ ನಡೆದದ್ದನ್ನು ನೋಡಿ. ಟೆಹರಾನಿನಲ್ಲಿ ತಿಂಗಳುಗಳಿಂದ ಒತ್ತೆಯಾಳುಗಳಾಗಿದ್ದ ತನ್ನ ರಾಯಭಾರ ಕಚೇರಿಯ ಸಿಬ್ಬಂದಿಯನ್ನು ಬಿಡಿಸಿ ತರಲು ಅಮೆರಿಕ ಒಂದು ಪಡೆಯನ್ನು ಗುಟ್ಟಾಗಿ ಇರಾನಿನ ಮರುಭೂಮಿಗೆ ಕಳಿಸಿತು. ಕಮಾಂಡೊಗಳು ಭೂಸೇನೆಯವರು. ಎಂಟು ಹೆಲಿಕಾಪ್ಟರುಗಳು ನೌಕಾಪಡೆಯವು. ಅವನ್ನು ಓಡಿಸಿದವರಲ್ಲಿ ಹೆಚ್ಚಿನವರು ಮರೀನ್ ದಳದವರು. ಇಂಧನ ಹೊತ್ತು ತಂದ ವಿಮಾನಗಳು ವಾಯುಪಡೆಯವು. ದಾರಿಯಲ್ಲಿ ಧೂಳು ಮುಸುಕಿತು, ಯಂತ್ರಗಳು ಕೆಟ್ಟವು. ಗೊತ್ತಾದ ಜಾಗಕ್ಕೆ ಆರು ಹೆಲಿಕಾಪ್ಟರುಗಳು ತಲುಪಿದವು, ಅವುಗಳಲ್ಲೂ ಒಂದು ಕೆಲಸಕ್ಕೆ ಬಾರದಂತಾಯಿತು. ಆರಕ್ಕಿಂತ ಕಡಿಮೆಯಾದರೆ ಸಾಗದೆಂದು ಮೊದಲೇ ಲೆಕ್ಕ ಹಾಕಿದ್ದರಿಂದ ಕಾರ್ಯಾಚರಣೆ ಅಲ್ಲಿಗೇ ನಿಂತಿತು. ಹಿಂದಿರುಗುವ ಗಡಿಬಿಡಿಯಲ್ಲಿ ಒಂದು ಹೆಲಿಕಾಪ್ಟರು ಇಂಧನ ತುಂಬಿದ ವಿಮಾನಕ್ಕೆ ಬಡಿದು ಎಂಟು ಜನ ಸುಟ್ಟು ಸತ್ತರು. ಬಳಿಕ ತನಿಖೆ ನಡೆಸಿದವರಿಗೆ ಕಂಡ ಒಂದು ಮುಖ್ಯ ಸಂಗತಿಯೆಂದರೆ, ಈ ನಾಲ್ಕು ಪಡೆಗಳವರು ಹೊರಡುವ ಮುನ್ನ ಒಮ್ಮೆಯೂ ಎಲ್ಲರೂ ಸೇರಿ ಪೂರ್ಣ ತಾಲೀಮು ನಡೆಸಿರಲಿಲ್ಲ. ಮೂರು ವರ್ಷಗಳ ಮೇಲೆ, 1983ರಲ್ಲಿ, ಗ್ರೆನಡಾ ಎಂಬ ಪುಟ್ಟ ದ್ವೀಪಕ್ಕೆ ದಾಳಿಯಿಟ್ಟಾಗಲೂ ನೆಲದ ಮೇಲಿದ್ದ ಭೂಸೇನೆಯ ರೇಡಿಯೊ ಕಡಲಲ್ಲಿದ್ದ ನೌಕಾಪಡೆಯ ರೇಡಿಯೊದೊಡನೆ ಸರಿಯಾಗಿ ಮಾತಾಡಲಾರದೆ ಹೋಯಿತು.

ಹಣದ ಕೊರತೆಯಿತ್ತೆ? ಇರಲಿಲ್ಲ. ಧೈರ್ಯದ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಬಡ್ತಿಯ ಪಟ್ಟಿಯಲ್ಲಿ ಎಂದರೆ ಓದುಗರಿಗೆ ವಿಚಿತ್ರವೆನಿಸೀತು.

ಸರ್ಕಾರಿ ಕೆಲಸದಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ನೌಕರನನ್ನು ಎರವಲು ಸೇವೆಯ ಮೇಲೆ ಬೇರೆ ಕಡೆಗೆ ಕಳಿಸುತ್ತಾರೆ. ಅಲ್ಲಿ ಅವನು ಎಷ್ಟೇ ದುಡಿಯಲಿ, ಮಾತೃ ಇಲಾಖೆ ಅವನನ್ನು ನಿಧಾನವಾಗಿ ಮರೆಯುತ್ತದೆ. ಜ್ಯೇಷ್ಠತಾ ಪಟ್ಟಿ ಅಲ್ಲಿ, ಗೌಪ್ಯ ವರದಿ ಅಲ್ಲಿ, ಬಡ್ತಿ ಕೊಡುವ ಸಮಿತಿಯೂ ಅಲ್ಲೇ. ಹಾಗಾಗಿ ಬುದ್ಧಿವಂತರು ಹೇಗಾದರೂ ಮಾಡಿ ಎರವಲು ಸೇವೆಯನ್ನು ತಪ್ಪಿಸಿಕೊಳ್ಳುತ್ತಾರೆ. ಹೋಗಲೇಬೇಕಾಗಿ ಬಂದವರು ಅಲ್ಲಿದ್ದುಕೊಂಡೇ ಮಾತೃ ಇಲಾಖೆಯ ವಕಾಲತ್ತು ವಹಿಸುತ್ತಾರೆ. ಅಮೆರಿಕದ ಜಂಟಿ ಸೇನಾ ಕಚೇರಿಗಳಲ್ಲಿ ಆಗುತ್ತಿದ್ದುದೂ ಇದೇ. ಮೂರೂ ಪಡೆಗಳಿಗೆ ಸೇರಿದ ಹುದ್ದೆಯೆಂದರೆ ಬಡ್ತಿಯ ಕೊನೆ ಎಂಬ ಮಾತು ಚಾಲ್ತಿಯಲ್ಲಿತ್ತು. ನೌಕಾಪಡೆಯಲ್ಲಿ ಮೇಲೇರಬೇಕೆಂದವನು ಹಡಗಿನಲ್ಲಿರಬೇಕು, ವಾಯುಪಡೆಯಲ್ಲಿ ಏರಬೇಕೆಂದವನು ವಿಮಾನದಲ್ಲಿರಬೇಕು. ಜಂಟಿ ಕಚೇರಿಯಲ್ಲಿ ತನ್ನ ಪಡೆಗೆ ಒಪ್ಪಿಗೆಯಾಗದ ಸಲಹೆಯನ್ನು ಕೊಟ್ಟವನು ನಾಳೆ ತನ್ನ ಪಡೆಗೇ ಹಿಂದಿರುಗಬೇಕು ತಾನೆ?

ಇಲ್ಲಿ ಮೊದಲಿನ ಪ್ರಶ್ನೆ ಎದ್ದು ನಿಲ್ಲುತ್ತದೆ. ಗುಂಡಿಗೆ ಎದೆಯೊಡ್ಡುವ ಮನುಷ್ಯ ಒಂದು ಗೌಪ್ಯ ವರದಿಗೆ ಅಂಜುವುದೆಂದರೇನು? ಇದನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಯುದ್ಧಭೂಮಿಯಲ್ಲಿ ಪ್ರಾಣ ಕೊಡುವವನಿಗೆ ಸಾಕ್ಷಿಗಳಿರುತ್ತಾರೆ. ಅಕ್ಕಪಕ್ಕದಲ್ಲಿ ಅವನ ಗೆಳೆಯರಿರುತ್ತಾರೆ, ಹಿಂದೆ ರೆಜಿಮೆಂಟಿನ ಹೆಸರಿರುತ್ತದೆ, ಊರಿನಲ್ಲಿ ಕಲ್ಲು ನೆಡುವವರಿರುತ್ತಾರೆ. ನಮ್ಮ ಹಳ್ಳಿಹಳ್ಳಿಯ ವೀರಗಲ್ಲುಗಳೆಲ್ಲ ಅಂಥ ಸಾಕ್ಷಿಗಳೇ. ಆದರೆ ಮೇಜಿನ ಮುಂದೆ ಕುಳಿತು, ದೇಶದ ಒಟ್ಟು ಹಿತಕ್ಕೆ ನಮ್ಮ ಪಡೆಯ ಈ ಯೋಜನೆ ಬೇಡವೆಂದು ಬರೆದು, ಅದರಿಂದಾಗಿ ಬಡ್ತಿ ಕಳೆದುಕೊಂಡವನಿಗೆ ಯಾವ ವೀರಗಲ್ಲೂ ಇಲ್ಲ. ಅವನ ತ್ಯಾಗ ಕಡತದಲ್ಲಿ ಹೂತು ಹೋಗುತ್ತದೆ. ಜೊತೆಯವರು ಅವನನ್ನು ಹೊಗಳುವುದಿರಲಿ, ಮನೆಮುರುಕನೆಂದು ನೋಡುತ್ತಾರೆ. ಪ್ರಾಣ ಕೊಟ್ಟರೆ ತನ್ನವರ ಪ್ರೀತಿ ಹೆಚ್ಚುತ್ತದೆ, ಈ ಬಗೆಯಲ್ಲಿ ಬಡ್ತಿ ಕೊಟ್ಟರೆ ತನ್ನವರ ಪ್ರೀತಿಯೇ ಕಳೆದುಹೋಗುತ್ತದೆ. ಹಾಗೆ ನೋಡಿದರೆ ಎರಡನೆಯದೇ ಹೆಚ್ಚು ಕಠಿಣವಾದ ತ್ಯಾಗವಿರಬಹುದು.

ಆದ್ದರಿಂದಲೇ ಇಂಥ ಸತ್ಯಗಳು ನಿವೃತ್ತಿಯ ಹೊಸ್ತಿಲಲ್ಲಿ ಹೊರಬರುತ್ತವೆ. ಜನರಲ್ ಡೇವಿಡ್ ಜೋನ್ಸ್ ನಾಲ್ಕು ವರ್ಷ ಅಮೆರಿಕದ ವಾಯುಪಡೆಯ ಮುಖ್ಯಸ್ಥರಾಗಿದ್ದು, ಬಳಿಕ ನಾಲ್ಕು ವರ್ಷ ಎಲ್ಲ ಪಡೆಗಳ ಮುಖ್ಯಸ್ಥರ ಸಮಿತಿಗೆ ಅಧ್ಯಕ್ಷರಾಗಿದ್ದವರು. ಈ ವ್ಯವಸ್ಥೆ ಕೆಟ್ಟಿದೆ, ಬದಲಾಗಲೇಬೇಕು ಎಂದು ಅವರು ಶಾಸಕರ ಮುಂದೆ ಬಹಿರಂಗವಾಗಿ ಹೇಳಿದ್ದು 1982ರಲ್ಲಿ, ಅಧಿಕಾರದ ಕೊನೆಯ ತಿಂಗಳುಗಳಲ್ಲಿ. ಹೇಳಿದ್ದಕ್ಕೆ ಅವರನ್ನು ಗೌರವಿಸಬೇಕು. ಆದರೆ ಅದೇ ಮಾತನ್ನು ನಲವತ್ತು ವಯಸ್ಸಿನ ಒಬ್ಬ ಕರ್ನಲ್ ಹೇಳಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಯೋಚಿಸಬೇಕು. ಕಳೆದುಕೊಳ್ಳಲು ಏನೂ ಉಳಿಯದ ಮೇಲೆ ಮಾತ್ರ ಸತ್ಯ ಹೇಳಬಹುದಾದ ಸಂಸ್ಥೆಯಲ್ಲಿ ಸತ್ಯ ಯಾವಾಗಲೂ ಮೂವತ್ತು ವರ್ಷ ತಡವಾಗಿ ಬರುತ್ತದೆ.

ಜೋನ್ಸ್ ಹಚ್ಚಿದ ಚರ್ಚೆ ನಾಲ್ಕು ವರ್ಷ ನಡೆಯಿತು. ರಕ್ಷಣಾ ಕಾರ್ಯದರ್ಶಿಯೂ ಪಡೆಗಳ ಮುಖ್ಯಸ್ಥರೂ, ಅದರಲ್ಲೂ ನೌಕಾಪಡೆಯವರು, ಸುಧಾರಣೆಯನ್ನು ಬಲವಾಗಿ ವಿರೋಧಿಸಿದರು. ಕೊನೆಗೆ 1986ರಲ್ಲಿ ಗೋಲ್ಡ್‌ವಾಟರ್–ನಿಕೋಲ್ಸ್ ಕಾಯಿದೆ ಬಂತು. ಸೆನೆಟ್ಟಿನಲ್ಲಿ ಅದರ ಪರವಾಗಿ 95 ಮತಗಳು ಬಿದ್ದವು, ವಿರುದ್ಧವಾಗಿ ಒಂದೂ ಬೀಳಲಿಲ್ಲ. ಬ್ಯಾರಿ ಗೋಲ್ಡ್‌ವಾಟರ್ ವಾಯುಪಡೆಯ ಮೀಸಲು ದಳದಲ್ಲಿ ಮೇಜರ್ ಜನರಲ್ ಆಗಿದ್ದವರು. ಬಿಲ್ ನಿಕೋಲ್ಸ್ ಎರಡನೆಯ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡವರು. ಸೇನೆಯ ಮೇಲಿನ ಪ್ರೀತಿಯ ವಿಷಯದಲ್ಲಿ ಇವರಿಗೆ ಯಾರೂ ಪಾಠ ಹೇಳುವಂತಿರಲಿಲ್ಲ. ಯಾರು ಯಾರಿಗೆ ಆಜ್ಞೆ ಕೊಡಬೇಕೆಂಬುದನ್ನು ಕಾಯಿದೆ ಗೊತ್ತುಪಡಿಸಿತು, ಸರಿ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಇನ್ನೊಂದು ಭಾಗ, ಅಧಿಕಾರಿಗಳ ಬಡ್ತಿಯನ್ನು ಕುರಿತದ್ದು. ಜಂಟಿ ಹುದ್ದೆಯಲ್ಲಿ ದುಡಿಯದವನು ಸಾಮಾನ್ಯವಾಗಿ ಜನರಲ್ ಅಥವಾ ಅಡ್ಮಿರಲ್ ಆಗುವಂತಿಲ್ಲ. ಜಂಟಿ ಮುಖ್ಯ ಕಚೇರಿಯಲ್ಲಿರುವವರಿಗೆ ಸಿಗುವ ಬಡ್ತಿಯ ಪ್ರಮಾಣ ಅವರವರ ಪಡೆಯ ಕೇಂದ್ರ ಕಚೇರಿಯಲ್ಲಿರುವವರದಕ್ಕಿಂತ ಕಡಿಮೆಯಾಗಬಾರದು. ಅಂಥವರ ಹೆಸರು ಚರ್ಚೆಗೆ ಬರುವ ಬಡ್ತಿ ಮಂಡಳಿಯಲ್ಲಿ ಜಂಟಿ ಹುದ್ದೆಯ ಅಧಿಕಾರಿಯೊಬ್ಬ ಕುಳಿತಿರಬೇಕು. ಮಾತೃ ಇಲಾಖೆ ಮರೆಯದಂತೆ ಕಾನೂನು ನೋಡಿಕೊಂಡಿತು ಎಂದಾಯಿತು.

ಹೀಗೆ ಬಡ್ತಿಯ ಆಸೆ ತೋರಿಸಿ ಪಡೆದ ಒಗ್ಗಟ್ಟಿಗೆ ನೈತಿಕ ಬೆಲೆಯಿದೆಯೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಜಂಟಿ ಹುದ್ದೆಯನ್ನು ಹಾಜರಿ ಹಾಕುವ ಜಾಗವೆಂದು ತಿಳಿದು, ಅವಧಿ ಮುಗಿಸಿ, ಕಡತದಲ್ಲೊಂದು ಗೆರೆ ಬರೆಸಿಕೊಂಡು ಹೊರಟವರು ಬೇಕಾದಷ್ಟು ಜನ. ಮೊದಲ ವರ್ಷಗಳಲ್ಲಿ ನಿಯಮದಿಂದ ವಿನಾಯಿತಿ ಪಡೆದವರೂ ಕಡಿಮೆಯಿರಲಿಲ್ಲ. ಆದರೂ ಮಗುವಿಗೆ ದೇವರ ಮುಂದೆ ನಾವು ಮೊದಲು ಕೈ ಮುಗಿಸುತ್ತೇವೆ. ಭಕ್ತಿ ಆಮೇಲೆ ಬರುತ್ತದೆ, ಬಾರದೆಯೂ ಹೋದೀತು. ಕೈ ಮುಗಿಯುವುದನ್ನೇ ಕಲಿಸದಿದ್ದರೆ ಬರುವ ದಾರಿಯೇ ಇಲ್ಲ. ಎರಡು ಮೂರು ವರ್ಷ ಬೇರೆ ಬಣ್ಣದ ಸಮವಸ್ತ್ರದವರ ಜೊತೆ ಒಂದೇ ಕೋಣೆಯಲ್ಲಿ ಕುಳಿತವನು ಅವರ ಕಷ್ಟವನ್ನು ಬೇಡವೆಂದರೂ ಸ್ವಲ್ಪ ಕಲಿಯುತ್ತಾನೆ. ಕಾನೂನಿನಿಂದ ಇಷ್ಟು ಸಾಧ್ಯ. ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವ ಶಕ್ತಿ ಅದಕ್ಕಿಲ್ಲವಾದರೂ ಒಳ್ಳೆಯತನಕ್ಕೆ ದಂಡ ಹಾಕುವುದನ್ನು ನಿಲ್ಲಿಸಬಲ್ಲದು.

ನಮ್ಮ ದೇಶದ ಕಡೆ ತಿರುಗಿದರೆ ಚಿತ್ರ ಇನ್ನೂ ಕುತೂಹಲಕರ. ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೂರೂ ಪಡೆಗಳ ಹುಡುಗರು ಮೂರು ವರ್ಷ ಒಂದೇ ಊಟದ ಮನೆಯಲ್ಲಿ ಉಂಡು ಬೆಳೆಯುತ್ತಾರೆ. ಬಳಿಕ ನೀಲಗಿರಿಯ ವೆಲ್ಲಿಂಗ್ಟನ್ನಿನ ಕಾಲೇಜಿನಲ್ಲಿ ಮತ್ತೆ ಕೆಲವರು ಒಟ್ಟಾಗಿ ಓದುತ್ತಾರೆ. ಸ್ನೇಹಕ್ಕೇನೂ ಕೊರತೆಯಿಲ್ಲ. ಆದರೆ ಇದರ ನಡುವೆ, ಇದರ ಆಚೆ, ದಶಕಗಳ ಕಾಲ ಅವರ ದಾರಿ ಬೇರೆ ಬೇರೆ. ಮೂರು ಪಡೆಗಳಿಗೆ ಹದಿನೇಳು ಪ್ರತ್ಯೇಕ ಕಮಾಂಡುಗಳು ಬೆಳೆದವು. ದಕ್ಷಿಣದ್ದನ್ನೇ ತೆಗೆದುಕೊಂಡರೆ ಭೂಸೇನೆಯ ದಕ್ಷಿಣ ಕಮಾಂಡು ಪುಣೆಯಲ್ಲಿ, ವಾಯುಪಡೆಯದು ತಿರುವನಂತಪುರದಲ್ಲಿ, ನೌಕಾಪಡೆಯದು ಕೊಚ್ಚಿಯಲ್ಲಿ. ಒಂದು ಮನೆಯ ಮೂವರು ಅಣ್ಣತಮ್ಮಂದಿರು ಮೂರು ಊರುಗಳಲ್ಲಿ ಒಲೆ ಹೂಡಿದಂತೆ.

1971ರ ಯುದ್ಧದಲ್ಲಿ ಈ ಒಲೆಗಳು ಒಟ್ಟಾಗಿ ಉರಿದವು. ಮೇಲಿದ್ದವರ ನಡುವಿನ ಹೊಂದಾಣಿಕೆಗೆ ಅದರಲ್ಲಿ ದೊಡ್ಡ ಪಾಲಿತ್ತು. ವ್ಯಕ್ತಿಗಳ ಒಳ್ಳೆಯತನವನ್ನು ನೆಚ್ಚಿದ ವ್ಯವಸ್ಥೆ ಆ ವ್ಯಕ್ತಿಗಳೊಂದಿಗೇ ಹೋಗಿಬಿಡುತ್ತದೆ. 1999ರ ಮೇ ತಿಂಗಳಲ್ಲಿ ಕಾರ್ಗಿಲ್ಲಿನ ಶಿಖರಗಳ ಮೇಲೆ ಶತ್ರು ಕುಳಿತಿದ್ದಾಗ ಭೂಸೇನೆ ಶಸ್ತ್ರಸಜ್ಜಿತ ಹೆಲಿಕಾಪ್ಟರುಗಳನ್ನು ಕೇಳಿತು. ಅಷ್ಟು ಎತ್ತರದಲ್ಲಿ ಅವು ಕೆಲಸಕ್ಕೆ ಬಾರವು, ಮೇಲಾಗಿ ಸರ್ಕಾರದ ಒಪ್ಪಿಗೆ ಬೇಕು ಎಂದಿತು ವಾಯುಪಡೆ. ವಾಯುದಾಳಿ ಆರಂಭವಾದದ್ದು ಮೇ 26ರಂದು. ಯಾರು ಸರಿ ಎಂಬುದನ್ನು ಎರಡೂ ಕಡೆಯ ಹಿರಿಯರು ನಿವೃತ್ತರಾದ ಮೇಲೆ ವರ್ಷಗಟ್ಟಲೆ ವಾದಿಸಿದರು. ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಎರಡು ಪಡೆಗಳು ಆ ಮಾತನ್ನು ಯುದ್ಧಕ್ಕೆ ಮೊದಲೇ ಆಡಿ ಮುಗಿಸಿರಬೇಕಿತ್ತು ಎಂಬುದಷ್ಟೇ ನನ್ನಂಥ ಹೊರಗಿನವನಿಗೂ ತೋರುವ ವಿಷಯ.

ಆ ಯುದ್ಧದ ನಂತರ ಸಮಿತಿ ಕುಳಿತಿತು. 2001ರಲ್ಲಿ ಸಚಿವರ ತಂಡವೊಂದು ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥನಿರಬೇಕೆಂದು ಶಿಫಾರಸು ಮಾಡಿತು. ಆ ಹುದ್ದೆಗೆ ಜನರಲ್ ಬಿಪಿನ್ ರಾವತ್ ಬಂದು ಕುಳಿತದ್ದು 2020ರ ಜನವರಿ 1ರಂದು. 2021ರ ಡಿಸೆಂಬರಿನಲ್ಲಿ ಅವರು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಕುರ್ಚಿ ಖಾಲಿ ಉಳಿಯಿತು. ಅಂಡಮಾನಿನಲ್ಲಿ 2001ರಲ್ಲೇ ಮೂರೂ ಪಡೆಗಳ ಜಂಟಿ ಕಮಾಂಡು ಹುಟ್ಟಿತ್ತು. ಆದರೆ ಅಲ್ಲಿಯ ದಂಡನಾಯಕನಿಗೆ ತನ್ನ ಕೈಕೆಳಗಿನ ಬೇರೆ ಪಡೆಯವನ ಮೇಲೆ ಶಿಸ್ತಿನ ಕ್ರಮ ಕೈಗೊಳ್ಳುವ ಅಧಿಕಾರವಿರಲಿಲ್ಲ. ತಪ್ಪು ಮಾಡಿದವನನ್ನು ಅವನ ಮಾತೃಪಡೆಗೇ ಒಪ್ಪಿಸಬೇಕಿತ್ತು. ಇದನ್ನು ಸರಿಪಡಿಸುವ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2023ರಲ್ಲಿ, ಜಾರಿಗೆ ಬಂದದ್ದು 2024ರ ಮೇ ತಿಂಗಳಲ್ಲಿ. ಶಿಕ್ಷಿಸುವ ಅಧಿಕಾರ ಬಂತು, ಒಳ್ಳೆಯದು. ಆದರೆ ಮನುಷ್ಯನ ಕಣ್ಣು ಶಿಕ್ಷಿಸುವವನಿಗಿಂತ ಹೆಚ್ಚಾಗಿ ಬಡ್ತಿ ಕೊಡುವವನ ಮೇಲಿರುತ್ತದೆ. ಅಮೆರಿಕದವರು ಮಾಡಿದಂತೆ ಬಡ್ತಿಯನ್ನೂ ಜಂಟಿ ಸೇವೆಯನ್ನೂ ಸಂಸತ್ತಿನ ಕಾನೂನಿನಿಂದಲೇ ಬಿಗಿದು ಕಟ್ಟುವ ಕೆಲಸವನ್ನು ಈ ಕಾಯಿದೆ ಮಾಡಿಲ್ಲ.

ಹಾಗೆಂದು ತನ್ನ ಪಡೆಯ ಮೇಲಿನ ಅಭಿಮಾನವನ್ನು ಕಿತ್ತೊಗೆಯಬೇಕೆಂದು ನಾನು ಹೇಳುತ್ತಿಲ್ಲ. ಕಡಲನ್ನು ಬಲ್ಲವನಾಗಲು ಒಂದು ಆಯುಷ್ಯ ಬೇಕು, ಆಕಾಶವನ್ನು ಬಲ್ಲವನಾಗಲು ಇನ್ನೊಂದು. ಎಲ್ಲ ಕಚೇರಿಗಳಲ್ಲೂ ಎರಡೆರಡು ವರ್ಷ ಕುಳಿತು ಯಾವುದನ್ನೂ ಆಳವಾಗಿ ಕಲಿಯದವನಿಂದ ಯುದ್ಧ ಗೆಲ್ಲಲಾಗದು. ಸ್ವಂತ ಮನೆಯನ್ನೇ ಪ್ರೀತಿಸದವನು ಊರನ್ನು ಪ್ರೀತಿಸಿಯಾನೆ? ಆದರೆ ಊರ ಕೆರೆಯ ಹೂಳೆತ್ತಲು ಹೋದವನ ಪಾಲಿನ ಗದ್ದೆಯನ್ನು ಮನೆಯವರು ಕಸಿದುಕೊಳ್ಳಬಾರದು. ಕಸಿದುಕೊಂಡರೆ ಮಾರನೆಯ ವರ್ಷ ಯಾರೂ ಗುದ್ದಲಿ ಎತ್ತುವುದಿಲ್ಲ.

ನಮ್ಮ ಕೊಡಗಿನ ಕಾರ್ಯಪ್ಪನವರ ಕಥೆ ಎಲ್ಲರಿಗೂ ಗೊತ್ತು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನಕ್ಕೆ ಸೆರೆಸಿಕ್ಕಾಗ, ವಿಭಜನೆಗೆ ಮೊದಲು ಒಂದೇ ಸೈನ್ಯದಲ್ಲಿದ್ದ ಅಯೂಬ್ ಖಾನರು ಹಳೆಯ ಪರಿಚಯದ ಮೇಲೆ ಆತನನ್ನು ಬಿಡುವ ಮಾತೆತ್ತಿದರಂತೆ. ಸೆರೆಯಲ್ಲಿರುವ ಎಲ್ಲರೂ ತನಗೆ ಮಕ್ಕಳೇ ಎಂಬರ್ಥದ ಉತ್ತರ ಕೊಟ್ಟು ಕಾರ್ಯಪ್ಪನವರು ಅದನ್ನು ನಿರಾಕರಿಸಿದರೆಂದು ಹೇಳುತ್ತಾರೆ. ಅಂಥ ಹಿರಿಮೆಗೆ ನಾವು ತಲೆಬಾಗುತ್ತೇವೆ, ಬಾಗಲೇಬೇಕು. ಆದರೆ ಸೈನ್ಯದ ಪ್ರತಿಯೊಬ್ಬ ಅಧಿಕಾರಿಯೂ ಕಾರ್ಯಪ್ಪನಾಗಬೇಕೆಂದು ನಿರೀಕ್ಷಿಸಿ ಕಟ್ಟಿದ ವ್ಯವಸ್ಥೆ ದೇಶಕ್ಕೂ ಅಧಿಕಾರಿಗೂ ಅನ್ಯಾಯ ಮಾಡುತ್ತದೆ. ಸೈನಿಕನಿಂದ ಪ್ರಾಣವನ್ನು ಕೇಳುವ ಹಕ್ಕನ್ನು ನಾವು ಪಡೆದುಕೊಂಡಿದ್ದೇವೆ. ಅದೇ ಒಂದು ದೊಡ್ಡ ಋಣ. ಅದರ ಮೇಲೆ, ತನಗೆ ತಿಳಿದ ಸತ್ಯವನ್ನು ಹೇಳಿದ್ದಕ್ಕಾಗಿ ಯಾರೂ ಕಾಣದ ಮೂಲೆಯಲ್ಲಿ ಅವನು ಬಡ್ತಿಯನ್ನೂ ಬಲಿಕೊಡಲಿ ಎನ್ನುವ ಹಕ್ಕು ನಮಗಿಲ್ಲ. ಆ ಬಲಿಯ ಅಗತ್ಯವೇ ಬೀಳದಂತೆ ನಿಯಮಗಳನ್ನು ಮಾಡಬೇಕಾದವರು ಸೈನಿಕರಲ್ಲ, ಅವರನ್ನು ಗಡಿಗೆ ಕಳಿಸಿ ಮನೆಯಲ್ಲಿ ನಿದ್ದೆಮಾಡುವ ನಾವು, ನಾವು ಆರಿಸಿ ಕಳಿಸಿದ ಸಂಸತ್ತು.