ರುಚಿಯೂ ಅಧಿಕಾರವೂ

ಶಾಸ್ತ್ರವೊಂದನ್ನು ಆರಂಭಿಸುವ ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ನಿಶ್ಚಯಿಸಿಕೊಳ್ಳಬೇಕೆಂದು ನಮ್ಮ ಪೂರ್ವಿಕರು ವಿಧಿಸಿರುವರು. ಆದರೆ ಮಕ್ಕಳನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸುವಾಗ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಗೃಹಸ್ಥರಲ್ಲಿ ಅನೇಕರು ಪ್ರಯೋಜನವನ್ನು, ಅದರಲ್ಲಿಯೂ ವೇತನವೊಂದನ್ನೇ, ವಿಚಾರಿಸುವುದು ಕಂಡುಬರುತ್ತದೆ. ಹೀಗಿರಲು, ಆರಿಸುವ ಅಧಿಕಾರವು ಹಣ ತೆರುವ ತಂದೆಯದೋ, ಓದುವ ಮಗುವಿನದೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಮಳೆಯನ್ನೇ ನಂಬಿದ ಹೊಲವನ್ನು ಒತ್ತೆಯಿಟ್ಟು ಓದಿಸುವ ತಂದೆಯ ಮಾತೇ ನಡೆಯಬೇಕು, ಎಳೆಯರ ರುಚಿಯು ಚಪಲವಾದುದು ಎಂಬುದು ಪೂರ್ವಪಕ್ಷ. ಈ ವಾದವು ನಿಸ್ಸಾರವಾದುದೇನೂ ಅಲ್ಲ. ಗೆಳೆಯನು ಬೆಂಗಳೂರಿಗೆ ಹೋದನೆಂದು ತಾನೂ ಅಲ್ಲಿಗೇ ಹೋಗಬಯಸುವುದು ರುಚಿಯಲ್ಲ, ಬರಿಯ ಅನುಕರಣ. ಆದರೆ ನೆರೆಮನೆಯವರನ್ನು ನೋಡಿ ಕಂಪ್ಯೂಟರ್ ಶಾಖೆಯೇ ಆಗಬೇಕೆಂದು ತಂದೆಯು ಹಟಹಿಡಿದರೆ ಅದೂ ಅನುಕರಣವೇ ಅಲ್ಲವೆ?

ವೆಚ್ಚದ ಮೇರೆಯನ್ನು ಹಾಕುವುದು ತಂದೆಯ ಹಕ್ಕು. ಆ ಮೇರೆಯೊಳಗೆ ವಿಷಯವನ್ನು ಆರಿಸುವುದು ವಿದ್ಯಾರ್ಥಿಯ ಹಕ್ಕು. ಏಕೆಂದರೆ ನಾಲ್ಕು ವರ್ಷಗಳ ಶ್ರಮವನ್ನು ಒಬ್ಬರ ಪರವಾಗಿ ಇನ್ನೊಬ್ಬರು ಪಡಲಾರರು. ಮೇಲಾಗಿ ಈ ವಿದ್ಯೆಯ ಫಲವು ಲೋಕವನ್ನೂ ಮುಟ್ಟತಕ್ಕುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು, ಸರಪಳಿ ತುಂಡಾಗಿ, ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ಅಡ್ಡಹಲಗೆಗಳನ್ನಿಳಿಸಿ ಒಂದು ವಾರದಲ್ಲಿ ಅದನ್ನು ತಡೆದರು. ಇಂತಹ ಕಾರ್ಯವು ಒಲ್ಲದ ಮನಸ್ಸಿನವನ ಪಾಲಿಗೆ ಬಂದರೆ ಕೆಡುವುದು ಅವನೊಬ್ಬನ ಬಾಳಲ್ಲ, ಸಾವಿರಾರು ರೈತರ ಬೆಳೆ.

ಆದಕಾರಣ ರುಚಿಯನ್ನು ಮೊದಲು ಪರೀಕ್ಷಿಸಬೇಕು. ಕೆಟ್ಟ ಪಂಪನ್ನು ಬಿಚ್ಚಿ ನೋಡುವುದರಲ್ಲಿ ಹೊತ್ತು ಹೋದುದೇ ತಿಳಿಯದವನು ಯಂತ್ರಶಾಖೆಗೆ ಅಧಿಕಾರಿ. ಬಳಿಕ ಕಾಲೇಜಿನ ವಿಚಾರ. ಹೂವಿನಹಡಗಲಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಹೊಸಪೇಟೆ, ಬಳ್ಳಾರಿಗಳಲ್ಲಿಯೂ ಕಾಲೇಜುಗಳಿವೆ. ದಾವಣಗೆರೆಯಲ್ಲಿ 1951ರಲ್ಲಿ ಸ್ಥಾಪಿತವಾದ ಬಿ.ಡಿ.ಟಿ. ಕಾಲೇಜಿದೆ. ಸಮೀಪದ್ದೆಂಬ ಕಾರಣಕ್ಕೆ ಯಾವುದೂ ಕೀಳಲ್ಲ, ದೂರದ್ದೆಂಬ ಕಾರಣಕ್ಕೆ ಯಾವುದೂ ಮೇಲಲ್ಲ. ಬೇಕಾದ ಶಾಖೆ ಅಲ್ಲಿದೆಯೇ, ಬೋಧಕರು ಸಾಕಷ್ಟಿರುವರೇ, ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯ ಕೈಗೆ ಕೆಲಸವುಂಟೇ ಎಂದು ಹೋಗಿ ನೋಡಿ, ಅಲ್ಲಿ ಓದುತ್ತಿರುವವರನ್ನೇ ಕೇಳತಕ್ಕದ್ದು.

ಕಡೆಗೊಂದು ಮಾತು. ಸಿ.ಇ.ಟಿ. ಸೀಟುಹಂಚಿಕೆಯಲ್ಲಿ ಅಭ್ಯರ್ಥಿಯು ಕಾಲೇಜು, ಶಾಖೆಗಳನ್ನು ತನ್ನ ಇಚ್ಛೆಯ ಕ್ರಮದಲ್ಲಿ ನಮೂದಿಸಬೇಕು; ಅವನ ರ‍್ಯಾಂಕಿಗೆ ದೊರೆಯಬಹುದಾದವುಗಳಲ್ಲಿ ಪಟ್ಟಿಯ ಅತ್ಯಂತ ಮೇಲಿನದೇ ಅವನಿಗೆ ಹಂಚಿಕೆಯಾಗುತ್ತದೆ. ಲೋಕದ ಮೆಚ್ಚುಗೆಗಾಗಿ ಬೇಡದುದನ್ನು ಮೇಲೆ ಬರೆದವನಿಗೆ ಬೇಡದುದೇ ದೊರೆತರೆ ಅದು ಯಂತ್ರದ ತಪ್ಪಲ್ಲ. ಆ ಪಟ್ಟಿಯನ್ನು ಬರೆಯುವ ಸಂಜೆ ತಂದೆತಾಯಂದಿರು ಮಗುವಿನ ಬಳಿ ಕುಳಿತು, ತಮ್ಮ ಶಕ್ತಿಯ ಮೇರೆಯನ್ನು ಮರೆಮಾಚದೆ ತಿಳಿಸಿ, ಅದರ ಮನಸ್ಸನ್ನು ಭಯವಿಲ್ಲದೆ ಹೇಳಗೊಟ್ಟರೆ, ಸತ್ಯವೇ ಅಲ್ಲಿ ಪಟ್ಟಿಯಾಗುವುದು.