ದೇಗುಲವೋ, ಸುರಂಗವೋ?

ವಾಡಿಯ ಕಡೆಯಿಂದ ಬರಬೇಕಾಗಿದ್ದ ಗಾಡಿಯು ಬಹಳ ತಡವಾದ ಒಂದು ಸಂಜೆ, ನಾಲವಾರದ ರೈಲು ನಿಲ್ದಾಣದಲ್ಲಿ, ಹಗಲಿನ ಬಿಸಿಲನ್ನು ಇನ್ನೂ ಬಿಟ್ಟುಕೊಡದಿದ್ದ ಶಹಾಬಾದಿ ಫರಸಿಯ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿಯೇ ಕುಳಿತಿದ್ದ ಇಬ್ಬರು ತರುಣರು ದೇವರ ವಿಷಯವಾಗಿ ವಾದಿಸುತ್ತಿದ್ದರು. “ಅದು ಗುಡಿನೇ ಅದ,” ಎಂದು ಒಬ್ಬನು. “ಗುಡಿ ಎಲ್ಲಿದೋ, ಬರೀ ಸುರಂಗ ಅದ,” ಎಂದು ಇನ್ನೊಬ್ಬನು. ಇದು ನಮ್ಮ ಭಾಗದ ಯಾವುದೋ ಹಳೆಯ ಗುಡಿಯನ್ನು ಕುರಿತ ಮಾತೆಂದು ತಿಳಿದು ಕಿವಿಗೊಟ್ಟ ನನಗೆ, ಅವರ ವಾದವೆಲ್ಲವೂ ಅಂತರಿಕ್ಷ ನಿಲ್ದಾಣವೊಂದರ ಕತೆಯನ್ನು ಹೇಳುವ ಟಿ.ವಿ. ಧಾರಾವಾಹಿಯೊಂದನ್ನು ಕುರಿತದ್ದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರಲ್ಲಿ ಕಿರಿಯನಾದವನು ನನ್ನ ಕಡೆಗೆ ತಿರುಗಿ, “ಮುತ್ಯಾ, ನೀವರೆ ಹೇಳ್ರಿ, ಒಳಗ ಏನದ ಅಂತ ಗೊತ್ತಾದ ಮ್ಯಾಲ ಕೈ ಮುಗಿಯೋದು ಹ್ಯಾಂಗ್ರಿ?” ಎಂದು ಕೇಳಿದನು. ಆ ಪ್ರಶ್ನೆಯು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಆ ಧಾರಾವಾಹಿಯನ್ನು ನಾನು ಆಮೂಲಾಗ್ರವಾಗಿ ನೋಡಿದ್ದೂ ಅದರ ಕಾರಣದಿಂದಲೇ.

1993ರ ಜನವರಿಯಿಂದ 1999ರ ಜೂನ್‌ವರೆಗೆ ಅಮೆರಿಕದಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಎಂಬ ಈ ಕಥನವನ್ನು ರೂಪಿಸಿದವರು ರಿಕ್ ಬರ್ಮನ್ ಮತ್ತು ಮೈಕೆಲ್ ಪಿಲ್ಲರ್ ಎಂಬವರು. ಬೇಜೋರ್ ಎಂಬ ಲೋಕವನ್ನು ಕಾರ್ಡೇಶಿಯನ್ನರು ಸುಮಾರು ಐವತ್ತು ವರ್ಷಗಳ ಕಾಲ ಆಕ್ರಮಿಸಿಕೊಂಡು ಆಳಿದರು. ಅದರ ನೆತ್ತಿಯ ಮೇಲೆ ಒಂದು ನಿಲ್ದಾಣವನ್ನು ಕಟ್ಟಿ, ಬೇಜೋರಿನವರನ್ನೇ ಬಿಟ್ಟಿದುಡಿಮೆಗೆ ಹಚ್ಚಿ ಅಲ್ಲಿ ಅದಿರನ್ನು ಶುದ್ಧಿಮಾಡಿಸಿದರು. ಶಹಾಬಾದದ ಗಣಿಗಳಲ್ಲಿ ಕಲ್ಲು ಎಬ್ಬಿಸಿದವರ ಮತ್ತು ವಾಡಿಯ ಸಿಮೆಂಟಿನ ಧೂಳಿನಲ್ಲಿ ಆಯುಷ್ಯವನ್ನು ಸವೆಸಿದವರ ನಡುವೆ ಬೆಳೆದ ನನಗೆ, ಯಂತ್ರಗಳ ಗರ್ಜನೆಯಡಿಯಲ್ಲಿ ಮನಸ್ಸಿನೊಳಗೇ ದೇವರ ಹೆಸರು ಹಿಡಿದು ದುಡಿದ ಆ ಜನರ ಭಕ್ತಿಯು ಪರಕೀಯವೆಂದು ತೋರಲಿಲ್ಲ. ಆಕ್ರಮಣಕಾರರು ತೊಲಗಿದ ಮೇಲೆ ನಿಲ್ದಾಣದ ಆಡಳಿತವನ್ನು ವಹಿಸಿಕೊಳ್ಳಲು ಸಿಸ್ಕೋ ಎಂಬ ಅಧಿಕಾರಿಯು ಬರುತ್ತಾನೆ. ಎಪ್ಪತ್ತು ಸಾವಿರ ಜ್ಯೋತಿರ್ವರ್ಷಗಳಾಚೆಗೆ ಕ್ಷಣಮಾತ್ರದಲ್ಲಿ ಒಯ್ಯುವ, ವರ್ಮ್‌ಹೋಲ್ ಎಂದು ಭೌತಶಾಸ್ತ್ರಜ್ಞರು ಕರೆಯುವ ಆಕಾಶದ ಸುರಂಗವೊಂದು ಬೇಜೋರಿನ ಆಸುಪಾಸಿನಲ್ಲಿಯೇ ಅವನಿಗೆ ಗೋಚರವಾಗುತ್ತದೆ. ಆ ಸುರಂಗದೊಳಗೆ ಶರೀರವಿಲ್ಲದ, ಕಾಲಕ್ಕೆ ಒಳಪಡದ ಜೀವಿಗಳಿವೆ. ಅಧಿಕಾರಿಗಳಿಗೆ ಅವು ಅನ್ಯಲೋಕದ ಒಂದು ಜೀವಜಾತಿ. ಬೇಜೋರಿನವರಿಗೋ ಅವರು ಸಾವಿರಾರು ವರ್ಷಗಳಿಂದ ಪೂಜೆಗೊಂಡ ಪ್ರವಾದಿಗಳು, ಆ ಸುರಂಗವು ಅವರ ದಿವ್ಯ ದೇಗುಲ.

ಇಲ್ಲಿ ಒಂದನ್ನು ಗಮನಿಸಬೇಕು. ಆಸ್ತಿಕನಿಗೂ ನಾಸ್ತಿಕನಿಗೂ ಸಾಮಾನ್ಯವಾಗಿ ನಡೆಯುವ ವಾದವು ದೇವರು ಇದ್ದಾನೆಯೋ ಇಲ್ಲವೋ ಎಂಬುದು. ಈ ಕತೆಯಲ್ಲಿ ಆ ವಾದಕ್ಕೆ ಎಡೆಯೇ ಇಲ್ಲ. ಅಲ್ಲಿ ಏನೋ ಇದೆಯೆಂಬುದರಲ್ಲಿ ಇಬ್ಬರಿಗೂ ಸಂದೇಹವಿಲ್ಲ. ಉಳಿದಿರುವ ಪ್ರಶ್ನೆ ಬೇರೆಯದು, ನನಗೆ ತೋರುವಂತೆ ಹೆಚ್ಚು ಕಠಿಣವಾದದ್ದು: ಯಾವುದನ್ನು ಅಳೆಯಬಹುದೋ, ಹೆಸರಿಸಬಹುದೋ, ಅದು ಪೂಜಾರ್ಹವಾಗಿ ಉಳಿಯಬಲ್ಲುದೆ?

ಮೊದಲ ವರ್ಷದ ಕೊನೆಯ ಕಂತಿನಲ್ಲಿ ಈ ಪ್ರಶ್ನೆಯು ಶಾಲೆಯ ಕೋಣೆಯೊಳಕ್ಕೆ ಬರುತ್ತದೆ. ನಿಲ್ದಾಣದ ಉಪಾಧ್ಯಾಯಿನಿ ಕೇಕೋ ಮಕ್ಕಳಿಗೆ ಸುರಂಗದ ರಚನೆಯನ್ನು ವಿವರಿಸುತ್ತಿರುವಾಗ, ವಿನ್ ಎಂಬ ಧರ್ಮಾಧಿಕಾರಿಣಿಯು ಬಾಗಿಲಲ್ಲಿ ನಿಂತು ಇದು ದೇವದೂಷಣೆಯೆಂದು ಆಕ್ಷೇಪಿಸುತ್ತಾಳೆ. ಆಮೇಲೆ ಸಂಧಾನದ ರೂಪದಲ್ಲಿ, ಹಾಗಾದರೆ ಆ ವಿಷಯವನ್ನೇ ಎತ್ತದಿರಿ ಎನ್ನುತ್ತಾಳೆ. ಕೇಕೋ ಒಪ್ಪುವುದಿಲ್ಲ, ಬೇಜೋರಿನವರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಳ್ಳುತ್ತಾರೆ, ಕೊನೆಗೆ ಶಾಲೆಯು ಸ್ಫೋಟದಲ್ಲಿ ಹಾಳಾಗುತ್ತದೆ. ವಿನ್ ತಪ್ಪಿದ್ದು ನಂಬಿದ್ದರಿಂದಲ್ಲ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿಯಾದರೂ ನಂಬಿಕೆಯನ್ನು ಉಳಿಸಬೇಕೆಂದು ಬಗೆದುದರಿಂದ. ತಿಳಿವಳಿಕೆಯ ಗಾಳಿ ತಾಕಿದೊಡನೆ ಆರಿಹೋಗುವುದೆಂದು ತನ್ನ ದೇವರನ್ನು ಕುರಿತು ಅಂಜುವವಳ ಭಕ್ತಿಯಲ್ಲಿಯೇ ಅವಿಶ್ವಾಸವು ಅಡಗಿರುತ್ತದೆ. ಆದರೆ ಇಡೀ ಕಂತಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಸಿಸ್ಕೋ ತನ್ನ ಮಗನಿಗೆ ಹೇಳುವ ಮಾತು. ಇದೆಲ್ಲ ಮೂಢತನವೆಂದು ಹುಡುಗನು ಅಂದಾಗ ತಂದೆಯು ಅವನನ್ನು ತಡೆಯುತ್ತಾನೆ: ಆ ಸೆರೆಯ ವರ್ಷಗಳಲ್ಲಿ ಈ ಜನಕ್ಕೆ ಉಳಿದಿದ್ದುದು ಆ ನಂಬಿಕೆಯೊಂದೇ, ಅದನ್ನು ಮೂಢತನವೆಂದು ತಳ್ಳಿದರೆ ನಾವೂ ಆ ಅಧಿಕಾರಿಣಿಯಂತೆಯೇ ಆಗುತ್ತೇವೆ, ಎಂಬ ಅರ್ಥದ ಮಾತು ಅದು. ತಾನು ನಂಬದಿದ್ದುದನ್ನು ಕುರಿತು ಒಬ್ಬ ತಂದೆಯು ಮಗನಿಗೆ ಇಷ್ಟು ಗೌರವದಿಂದ ಹೇಳಿಕೊಡುವ ದೃಶ್ಯವನ್ನು ನಾನು ಬೇರೆಡೆ ಕಂಡುದು ಕಡಿಮೆ.

ಇನ್ನು ಆ ಜೀವಿಗಳ ಮಾತು. ಮೊದಲ ಕಂತಿನಲ್ಲಿಯೇ ಅವು ಸಿಸ್ಕೋನನ್ನು ವಿಚಾರಿಸುತ್ತವೆ. ಹಿಂದು-ಮುಂದೆಂಬುದು ಅವಕ್ಕೆ ಅರ್ಥವಾಗದು. ಕಾಲವೆಂದರೇನೆಂಬುದನ್ನು ಅವನು ಬೇಸ್‌ಬಾಲ್ ಆಟವನ್ನು ಉದಾಹರಿಸಿ, ಮುಂದಿನ ಎಸೆತವು ಏನಾಗುವುದೆಂದು ತಿಳಿಯದಿರುವುದರಲ್ಲಿಯೇ ಆಟದ ಜೀವವಿದೆಯೆಂದು ಬಿಡಿಸಿ ಹೇಳುತ್ತಾನೆ. ಅವು ಮಾತ್ರ ಅವನನ್ನು ಮತ್ತೆ ಮತ್ತೆ ಒಂದೇ ಸ್ಥಳಕ್ಕೆ ತಂದು ನಿಲ್ಲಿಸುತ್ತವೆ: ಹೊತ್ತಿ ಉರಿಯುವ ಹಡಗು, ಕುಸಿದ ತೊಲೆಗಳಡಿಯಲ್ಲಿ ಸತ್ತು ಬಿದ್ದಿರುವ ಅವನ ಹೆಂಡತಿ. ಇಲ್ಲಿಗೇಕೆ ತರುತ್ತೀರೆಂದು ಅವನು ಅಂಗಲಾಚಿದರೆ, ತಂದವರು ನಾವಲ್ಲ, ನೀನು ವಾಸಮಾಡಿರುವುದೇ ಇಲ್ಲಿ, ಎಂಬುದು ಅವುಗಳ ಉತ್ತರ. ಕಾಲವು ಸರಳರೇಖೆಯೆಂದು ಅಷ್ಟು ಹೊತ್ತಿನಿಂದ ಬೋಧಿಸಿದವನು, ಮೂರು ವರ್ಷಗಳಿಂದ ತನ್ನ ಕಾಲವು ಒಂದು ಕ್ಷಣದಲ್ಲಿಯೇ ನಿಂತಿದ್ದುದನ್ನು ಕಂಡು ಅಳುತ್ತಾನೆ. ನಮ್ಮ ಪುರಾಣಗಳು ಋಷಿಗಳನ್ನು ತ್ರಿಕಾಲಜ್ಞರೆಂದು ವರ್ಣಿಸುವಾಗ ನಾವು ಮುಂದಾಗುವುದನ್ನು ತಿಳಿಯುವ ಶಕ್ತಿಯನ್ನಷ್ಟೇ ನೆನೆಯುತ್ತೇವೆ. ಭೂತವೂ ಅವರ ಕಣ್ಣಿಗೆ ವರ್ತಮಾನವೇ, ನಮ್ಮ ಹಳೆಯ ದುಃಖವು ಅವರ ಮುಂದೆ ಇದೀಗ ನಡೆಯುತ್ತಿದೆ ಎಂಬುದನ್ನು ನಾನು ಅಂದಿನವರೆಗೆ ಯೋಚಿಸಿರಲಿಲ್ಲ. ಆ ಜೀವಿಗಳು ಯಾವ ಪದಾರ್ಥದಿಂದ ಆದವೇ ಆಗಲಿ, ಒಬ್ಬ ಮನುಷ್ಯನಿಗೆ ಅವನ ದುಃಖದ ಮನೆಯನ್ನು ತೋರಿಸಿ ಅಲ್ಲಿಂದ ಏಳುವ ದಾರಿಯನ್ನು ತೆರೆದವು. ಗುರುವೆಂಬ ಶಬ್ದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥವಿದೆಯೆ?

ಧಾರಾವಾಹಿಯ ಆರನೆಯ ವರ್ಷದಲ್ಲಿ, 2,800 ಶತ್ರುನೌಕೆಗಳು ಸುರಂಗದೊಳಗಿಂದ ಬರುತ್ತಿರುವಾಗ, ಸಿಸ್ಕೋನ ಮೊರೆಗೆ ಓಗೊಟ್ಟು ಆ ಜೀವಿಗಳು ಅವನ್ನೆಲ್ಲ ಕಾಣದಂತೆ ಮಾಡಿಬಿಡುತ್ತವೆ. ಇದು ಕತೆಗಾರರು ಇಕ್ಕಟ್ಟಿನಿಂದ ಪಾರಾಗಲು ಹೂಡಿದ ಸುಲಭೋಪಾಯವೆಂದು ಇದರ ಅಭಿಮಾನಿಗಳಲ್ಲಿಯೇ ಅನೇಕರು ದೂರುತ್ತಾರೆ. ಕಟ್ಟೆಯ ಮೇಲಿನ ಹಿರಿಯ ತರುಣನ ಅಭಿಪ್ರಾಯವೂ ಅದೇ ಆಗಿತ್ತು. ನನಗೆ ಹಾಗೆನಿಸದು. ಸಿಸ್ಕೋ ಅಲ್ಲಿ ದೀನನಾಗಿ ಬೇಡುವುದಿಲ್ಲ, ಜಗಳವಾಡುತ್ತಾನೆ; ಬೇಜೋರಿನವರ ದೇವರಾಗಿರಲು ಒಪ್ಪಿದ ಮೇಲೆ ದೇವರ ಕೆಲಸವನ್ನು ಮಾಡಿರೆಂದು ಗದರುತ್ತಾನೆ. ದಾಸರ ನಿಂದಾಸ್ತುತಿಯನ್ನು ಕೇಳಿ ಬೆಳೆದವರಿಗೆ ಈ ಧ್ವನಿಯು ಹೊಸದಲ್ಲ.

ಗೊತ್ತಾದ ಮೇಲೆ ಕೈಮುಗಿಯುವುದು ಹೇಗೆಂಬ ಪ್ರಶ್ನೆಗೆ ಅಂದು ನಾನು ಆ ತರುಣನ ಕೊರಳಿನತ್ತ ಕೈದೋರಿದೆನು. ಅಂಗಿಯೊಳಗಿಂದ ಲಿಂಗದ ವಸ್ತ್ರದ ಅಂಚು ಕಾಣುತ್ತಿತ್ತು. ಇಷ್ಟಲಿಂಗವನ್ನು ಯಾವುದರಿಂದ ಮಾಡುತ್ತಾರೆ, ಅದರ ಕರಿಯ ಲೇಪವನ್ನು ಹೇಗೆ ಹಚ್ಚುತ್ತಾರೆ ಎಂಬುದು ಗುಟ್ಟಲ್ಲ, ಕೇಳಿದವರಿಗೆಲ್ಲ ತಿಳಿಯುವಂಥದು. ಅಂಗಡಿಯ ತಟ್ಟೆಯಲ್ಲಿರುವಾಗ ಅದು ಮಾರುವ ವಸ್ತು. ದೀಕ್ಷೆಯಲ್ಲಿ ಗುರುವಿನ ಕೈಯಿಂದ ಅಂಗೈಗೆ ಬಂದಾಗ ಪ್ರಾಣ. ನಡುವೆ ಪದಾರ್ಥವು ಎಳ್ಳಷ್ಟೂ ಬದಲಾಗಲಿಲ್ಲ, ಬದಲಾದದ್ದು ಸಂಬಂಧ. ನಮ್ಮ ನಾಲವಾರದ ಕೋರಿಸಿದ್ಧೇಶ್ವರ ಮಠದ ಜಾತ್ರೆಯಲ್ಲಿ ತನಾರತಿಯ ರಾತ್ರಿ ಸಾವಿರಾರು ಜನ ದೀಪ ಬೆಳಗುತ್ತಾರಲ್ಲ, ಬತ್ತಿಯು ಎಣ್ಣೆಯನ್ನು ಮೇಲಕ್ಕೆಳೆಯುವ ನಿಯಮವನ್ನು ಶಾಲೆಯಲ್ಲಿ ಓದಿಬಂದ ಹುಡುಗಿಯ ದೀಪವೂ ಅವುಗಳಲ್ಲಿರುತ್ತದೆ. ಆ ನಿಯಮವು ಸುಳ್ಳಾಗಿದ್ದರೆ ಅವಳ ಆರತಿಯೇ ಹೊತ್ತುತ್ತಿರಲಿಲ್ಲ. ‘ಇದು ಏನು’ ಎಂಬುದೊಂದು ಪ್ರಶ್ನೆ, ‘ಇದು ನನಗೇನು’ ಎಂಬುದು ಮತ್ತೊಂದು. ಕೇಕೋ ಮೊದಲನೆಯದಕ್ಕೆ ಉತ್ತರ ಹೇಳುತ್ತಿದ್ದಳು. ವಿನ್ ಅದನ್ನು ಎರಡನೆಯದರ ಉತ್ತರವೆಂದು ಕೇಳಿಸಿಕೊಂಡಳು.

“ಹಂಗಾದ್ರ ಸನ್ನತಿ ಕಲ್ಲಿಗಿ ಏನಂತೀರಿ?” ಎಂದನು ಹಿರಿಯವನು. ಅವನು ಅದನ್ನೆತ್ತಿದ್ದು ನನಗೆ ಸಂತೋಷವಾಯಿತು, ಏಕೆಂದರೆ ನಾಲವಾರದಿಂದ ಭೀಮಾತೀರದ ಸನ್ನತಿಯು ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ, ಅಲ್ಲಿಗೆ ಹೋಗುವ ವಿದ್ವಾಂಸರು ರೈಲಿಳಿಯುತ್ತಿದ್ದುದು ಈ ನಿಲ್ದಾಣದಲ್ಲಿಯೇ. 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದೊಳಗಿನ ಕಾಳಿಯ ಗುಡಿಯ ಛಾವಣಿಯು ಕುಸಿದು ದೇವಿಯ ಮೂರ್ತಿಯು ಭಗ್ನವಾಯಿತು. ಆಗ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಮೈಗಳ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹವು ಕಂಡಿತು. ಅದು ಅಶೋಕನ ಶಾಸನ. ಎಷ್ಟೋ ಶತಮಾನಗಳ ಕಾಲ ಭಕ್ತರು ಅದಕ್ಕೆ ಕುಂಕುಮವನ್ನೇರಿಸಿ ನಮಸ್ಕರಿಸಿದ್ದರು. ಅದು ಅವರಿಗೆ ದೇವಿಯ ಪೀಠ. ಒಂದೇ ಕಲ್ಲು, ಒಬ್ಬರಿಗೆ ಪೀಠ, ಇನ್ನೊಬ್ಬರಿಗೆ ಶಾಸನ; ಎರಡರಲ್ಲಿ ಒಂದೂ ಸುಳ್ಳಲ್ಲ. ಆಶ್ಚರ್ಯವೆಂದರೆ ಧೌಳಿ ಮತ್ತು ಜೌಗಡದ ಬಂಡೆಗಳಲ್ಲಿ ಬಿಟ್ಟುಹೋಗಿರುವ ಹನ್ನೆರಡನೆಯ ಶಾಸನವು ಈ ಕಲ್ಲಿನ ಮೇಲಿದೆ, ಮತ್ತು ಅದರ ವಿಷಯವೇ ಪರಧರ್ಮದ ಗೌರವ: ತನ್ನ ಪಂಥವನ್ನು ಹೊಗಳುವ ಭರದಲ್ಲಿ ಇತರರದನ್ನು ಹಳಿಯುವವನು ತನ್ನದಕ್ಕೇ ಹಾನಿಮಾಡುತ್ತಾನೆ, ಆದಕಾರಣ ಎಲ್ಲಕ್ಕೂ ಮೂಲವು ವಾಕ್ಸಂಯಮ ಎಂಬ ಅಭಿಪ್ರಾಯ. ಸಿಸ್ಕೋ ತನ್ನ ಮಗನಿಗೆ ಹೇಳಿದ್ದು ಇದನ್ನೇ. ಒಂದು ಕಡೆ ಕೋರಿಸಿದ್ಧೇಶ್ವರನ ಮಠ, ಪಕ್ಕದ ಹಳಕರ್ಟಿಯಲ್ಲಿ ದರ್ಗಾ, ಆಚೆಗೆ ಕನಗನಹಳ್ಳಿಯ ಸ್ತೂಪ ಇರುವ ಈ ನೆಲದಲ್ಲಿ ಅದನ್ನು ಕಲ್ಲಿನಲ್ಲಿ ಕೊರೆಯಿಸಿದ್ದರು.

ಕಿರಿಯವನು ಆಮೇಲೆ ಕೇಳಿದ ಪ್ರಶ್ನೆಗೆ ಮಾತ್ರ ನಾನು ಉತ್ತರಿಸಲಾರದೆ ಹೋದೆನು. ಆ ಛಾವಣಿ ಬೀಳದೆ ಇದ್ದಿದ್ದರೆ ಛಲೋ ಇತ್ತೇನು, ಎಂದನು ಅವನು. ಬೀಳದಿದ್ದರೆ ಅಕ್ಷರಗಳು ಬೆಳಕು ಕಾಣುತ್ತಿರಲಿಲ್ಲ. ಬಿದ್ದುದರಿಂದ ದೇವಿಯು ಹೋದಳು. ಚಪ್ಪಡಿಯ ನಡುವೆ, ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಎಂದೋ ಒಬ್ಬ ಕಲ್ಲುಕುಟಿಗನು ಕೊರೆದ ಚೌಕಾಕಾರದ ಕುಳಿಯಿದೆ. ತಾನು ಓದಲಾರದ ಸಾಲುಗಳ ಮೇಲೆ ಉಳಿಯನ್ನಿಟ್ಟು, ತನಗೆ ಪೂಜ್ಯಳಾದವಳಿಗೆ ಅವನು ನೆಲೆಯನ್ನು ಬಿಡಿಸಿದನು. ಆ ಕುಳಿಯಲ್ಲಿ ಹೋದ ಅಕ್ಷರಗಳನ್ನು ವಿದ್ವಾಂಸರು ಬೇರೆ ಊರಿನ ಬಂಡೆಗಳ ಪಾಠಗಳೊಡನೆ ಹೋಲಿಸಿ ತುಂಬಿಕೊಳ್ಳುತ್ತಾರೆ.